ಹುಲ್ಲು ಬರಲ್ಲ ಅಂದ್ರು, ಹಾಕ್ದೆ: ಎಂಎಲ್ 365 ರಾಗಿ, ನನ್ನ ಅನುಭವ

ಎಂಎಲ್ 365 ಅನ್ನೋ ಗಿಡ್ಡ ರಾಗಿ ತಳಿ ಹಾಕ್ತೀನಿ ಅಂದಾಗ ನಮ್ಮ ಕಡೆ ಎಲ್ರೂ ಕೇಳಿದ್ದು ಒಂದೇ, ಹುಲ್ಲಿಗೆ ಏನ್ ಮಾಡ್ತೀಯಪ್ಪ ಅಂತ. ಕೇಳೋದ್ರಲ್ಲಿ ತಪ್ಪಿಲ್ಲ. ಒಂದೂವರೆ ಎಕರೆ ಖುಷ್ಕಿ, ಕೊಟ್ಟಿಗೇಲಿ ಎರಡು ಸೀಮೆ ಹಸು ಇರೋನಿಗೆ ಕಾಳಿನಷ್ಟೇ ಹುಲ್ಲಿನ ಮೆದೆನೂ ಮುಖ್ಯ, ವಾರದ ಖರ್ಚು ನಡೆಯೋದೇ ಡೈರಿ ದುಡ್ಡಲ್ಲಿ. ನಮ್ಮ ಕಡೆ ಹಾಕೋ ಎಂಆರ್ 6 ರಾಗಿ ತಳಿ ಎತ್ತರಕ್ಕೆ ಬರುತ್ತೆ, ಹುಲ್ಲು ಜಾಸ್ತಿ, ಅದಕ್ಕೇ ಯಾರೂ ಬಿಡಲ್ಲ. ಆದ್ರೆ ಅದಕ್ಕೆ ನಾಲ್ಕು ತಿಂಗಳ ಮೇಲೆ ಬೇಕು. ಜುಲೈ ಕೊನೇಲಿ ಹದ ಸಿಕ್ಕಿ ಬಿತ್ತಿದ್ರೆ ಕಾಳು ಕಟ್ಟೋ ಹೊತ್ತಿಗೆ ಚಿತ್ತೆ, ಸ್ವಾತಿ ಎರಡೂ ಕೈಕೊಟ್ಟಿರ್ತವೆ, ತೆನೆ ಜೊಳ್ಳು. 365 ನೂರೈದು ನೂರಹತ್ತು ದಿನಕ್ಕೆ ಕೊಯ್ಲಿಗೆ ಬರುತ್ತೆ, ನಾನು ನೋಡಿದ್ದು ಅಷ್ಟೇ.

ಮೊದಲನೇ ವರ್ಷ ದಂಡ. ಅಂಗಡಿಯಿಂದ ತಂದ ಬೀಜ ಪೂರ್ತಿ ಬೆರಕೆ, ಅಂಗಡಿ ಹೆಸರು ಬೇಡ ಬಿಡಿ. ಒಂದು ಗಿಡ ಹಣ್ಣಾದ್ರೆ ಪಕ್ಕದ್ದು ಇನ್ನೂ ಹೂವಲ್ಲಿ, ಎರಡೆರಡು ಸಲ ಕೊಯ್ಸಿ ಕೂಲಿಗೇ ಏಳೆಂಟು ಸಾವಿರ ಹೋಯ್ತು, ಊರೋರಿಗೆ ಆಡ್ಕೊಳೋಕೆ ವಿಷಯ ಸಿಕ್ತು. ಮಾರನೇ ವರ್ಷ ರೈತ ಸಂಪರ್ಕ ಕೇಂದ್ರದ ಸರ್ಟಿಫೈಡ್ ಚೀಲ ತಂದೆ, ಅಲ್ಲಿಂದ ದಾರಿಗೆ ಬಂತು.

ನನ್ನ ದೆಸೆ ತಿರುಗಿದ್ದು 2023ರ ಬರದಲ್ಲಿ. ಆಗಸ್ಟ್ ಪೂರ್ತಿ ಮಳೆ ಇಲ್ಲ, ಅಕ್ಕಪಕ್ಕದ ಎಂಆರ್ 6 ಮೊಣಕಾಲೆತ್ತರಕ್ಕೇ ಸೊರಗಿ ನಿಂತಿತ್ತು, ನಂದು ಬಾಡಿದ್ರೂ ಒಂದು ಮಳೆಗೆ ಎದ್ಕೊಳ್ತು. ಎಕರೆಗೆ ಆರು ಕ್ವಿಂಟಾಲ್ ಆಸುಪಾಸು. ಹುಲ್ಲು? ಅವರು ದುಡ್ಡು ಕೊಟ್ಟು ಲೋಡ್ ತರಿಸಿದ್ರು, ನಾನು ತರಿಸಲಿಲ್ಲ! ಗಿಡ ಗಿಡ್ಡ ನಿಜ, ಆದ್ರೆ ಒಣಗಿಹೋದ ಎತ್ತರದ ತಳಿಯಿಂದ ಮೆದೆ ಎಲ್ಲಿ ಬರುತ್ತೆ. ಆ ವರ್ಷ ಬೆಂಬಲ ಬೆಲೆ ಕ್ವಿಂಟಾಲಿಗೆ 3846 ರೂಪಾಯಿ, ತಿನ್ನೋಕೆ ಇಟ್ಕೊಂಡು ಉಳಿದಿದ್ದು ಖರೀದಿ ಕೇಂದ್ರಕ್ಕೆ ಹಾಕ್ದೆ. ದುಡ್ಡು ಅಕೌಂಟಿಗೆ ಬರೋಷ್ಟರಲ್ಲಿ ಸಾಕ್ ಸಾಕಾಯ್ತು, ಅದು ಬೇರೆ ಕಥೆ. ಆಮೇಲಿನ ವರ್ಷ ಬೆಲೆ 4290 ಆಯ್ತು, ಮಳೆನೂ ಪರವಾಗಿಲ್ಲ, ಎಕರೆಗೆ ಹನ್ನೊಂದರ ಹತ್ರ ಬಂತು. ಗೊಬ್ಬರದ ಸಾಲ ತೀರಿಸಿ ಒಂದು ಪಡ್ಡೆ ಕರು ತಂದೆ.

ಮಧ್ಯದಲ್ಲಿ ಎಂಟು ಗುಂಟೆಗೆ ಜಿಪಿಯು 28 ಅನ್ನೋ ಇನ್ನೊಂದು ರಾಗಿ ತಳಿ ಹಾಕಿ ನೋಡ್ದೆ. ಸೋನೆ ಹಿಡ್ಕೊಂಡಾಗ ತೆನೆ ಬುಡ ಕಪ್ಪಾಗಿ ಒಣಗೋ ಕುತ್ತಿಗೆ ಬೆಂಕಿ ರೋಗಕ್ಕೆ ಅದು ಗಟ್ಟಿ, ಹೆಸರು ಸುಮ್ನೆ ಬಂದಿಲ್ಲ. ಎರಡು ಗುಂಟೇಲಿ ಗುಣಿ ತೋಡಿ ಸಸಿ ನೆಡೋ ಗುಣಿ ಪದ್ಧತಿ ನಾಟಿನೂ ಮಾಡಿದ್ದೆ, ಬುಡದಿಂದ ಒಡೆದ ತೆಂಡೆ ನೋಡೋಕೆ ಚಂದ, ಕೂಲಿ ಲೆಕ್ಕ ಹಾಕಿದ್ರೆ ಬೇಡ.

ಈಗ ಬೀಜ ನಂದೇ. ಹೊಲದ ನಡುವೆ ಮುಷ್ಟಿ ಕಟ್ಟಿರೋ ತೆನೆಗೆ ಕೆಂಪು ದಾರ ಕಟ್ತೀನಿ, ಎತ್ತರ ಹೋದ ಬೆರಕೆ ಗಿಡ ಹೂವಿಗೆ ಮುಂಚೆನೇ ಕಿತ್ತಾಕ್ತೀನಿ, ದಾರದ ತೆನೆ ಬೇರೆ ಬಡಿದು ಇಡ್ತೀನಿ. ಬಿತ್ತೋ ಹಿಂದಿನ ರಾತ್ರಿ ಬೀಜಕ್ಕೆ ಏನ್ ಮಾಡ್ತೀನಿ ಅಂತ ಕೇಳಬೇಡಿ, ಮನೆಯೋರಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಆಡ್ಕೊಂಡೋರೇ ಈಗ ಬೀಜ ಕೇಳ್ಕೊಂಡು ಬರ್ತಾರೆ, ಒಂದು ಸೇರಿಗೆ ಒಂದೂವರೆ ಸೇರು ರಾಗಿ ವಾಪಸ್ ತಗೋತೀನಿ.

ಹಂಗಂತ 365ನೇ ಎಲ್ಲ ಅಲ್ಲ. ಈ ಸಲ ಜೂನಲ್ಲೇ ಹದ ಬಂದ್ರೆ ಅರ್ಧ ಎಂಆರ್ 6ನ್ನೇ ಬಿತ್ತೋದು, ಜುಲೈ 20 ದಾಟಿದ್ರೆ ಪೂರ್ತಿ 365.