ಮುಳ್ಳುಸೌತೆಯಿಂದ ಶುರುವಾದ ಗ್ರೀಕ್ ಊಟ

ಈ ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನ ಒಂದು ಗ್ರೀಕ್ ರೆಸ್ಟೋರೆಂಟಿನಲ್ಲಿ ನನ್ನ ಇಬ್ಬರು ಮಕ್ಕಳೂ ಹೊಟ್ಟೆ ತುಂಬಾ ಉಂಡರು. ಫ್ರೆಂಚ್ ಫ್ರೈಸ್ ಅಲ್ಲ, ಗ್ರೀಕ್ ಊಟವನ್ನೇ. "ನಿನ್ನ ಮಕ್ಕಳಿಗೆ ಇದು ಆಗುವ ಮಾತಲ್ಲ" ಅಂದಿದ್ದ ಭಾವ ಎದುರಿಗೇ ಕೂತು ನೋಡಿದರು.

ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಸಾಕುಸಾಕಾಗಿತ್ತು. ಅಕ್ಕ ಪ್ರೀತಿಯಿಂದ ಕರೆದುಕೊಂಡು ಹೋಗಿದ್ದಳು. ಮಗಳಿಗೆ ಒಂಬತ್ತು, ಮಗನಿಗೆ ಆರು. ಮಗ ಕೋರಿ ರೊಟ್ಟಿಯಲ್ಲೂ ಬರೀ ರೊಟ್ಟಿ ತಿನ್ನುವವನು, ಗಸಿ ತಾಗಿದರೆ ಬಟ್ಟಲು ದೂಡುತ್ತಾನೆ. ಬದನೆ, ಖೀಮಾ ಪದರ ಇಟ್ಟು ಬೇಕ್ ಮಾಡಿದ ಮುಸಾಕಾ ನೋಡಿ ಮಗಳ ಕಣ್ಣಲ್ಲಿ ನೀರು. ಬಿಲ್ಲು 4,000 ರೂಪಾಯಿ ಹತ್ತಿರ ಬಂತು. ವಾಪಸ್ ಬರುವಾಗ ದಾರಿಯಲ್ಲಿ ದೋಸೆಗೆ ಇನ್ನೂ 300 ರೂಪಾಯಿ ಹೋಯಿತು.

ಮಂಗಳೂರಿಗೆ ಬಂದು ಮಳೆ ಹಿಡಿದ ಮೇಲೆ ಒಂದು ದಿನ ಅತ್ತೆ ಮುಳ್ಳುಸೌತೆಯ ಮೊಸರುಗೊಜ್ಜು ಮಾಡಿದ್ದರು. ಬೇರೆ ಬಟ್ಟಲಲ್ಲಿ ಇಟ್ಟಿದ್ದರಿಂದ ಮಗ ನೀರುದೋಸೆಯನ್ನು ಅದರಲ್ಲಿ ಅದ್ದಿ ತಿಂದ. ಆಗ ಹೊಳೆಯಿತು. ಗ್ರೀಕರ ತ್ಸಾತ್ಸಿಕಿಯೂ ಇದರ ನೆಂಟನೇ ಅಲ್ವಾ? ಅವನಿಗೆ ರುಚಿಯ ತಕರಾರಿಲ್ಲ. ಒಂದಕ್ಕೊಂದು ತಾಗಬಾರದು, ಅಷ್ಟೇ.

ಮನೆಯಲ್ಲೇ ಮಾಡಿದ ಮೊದಲ ತ್ಸಾತ್ಸಿಕಿ ಕೆಟ್ಟಿತು. ಮುಳ್ಳುಸೌತೆ ತುರಿದು ಹಾಗೇ ಹಾಕಿದ್ದೆ, ನೀರು ನೀರಾಯಿತು. ಎರಡನೆಯದಕ್ಕೆ ನಾಲ್ಕು ಎಸಳು ಹಸಿ ಬೆಳ್ಳುಳ್ಳಿ ಹಾಕಿದೆ, ಮಕ್ಕಳು ಅಡುಗೆಮನೆ ಬಿಟ್ಟು ಓಡಿದರು. ಮೂರನೇ ಸಲ ಮೊಸರನ್ನು ಹಳೆ ಪಂಚೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೇತುಹಾಕಿದೆ. ಒಂದು ಕಿಲೋ ಮೊಸರಿಗೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಸಿಕ್ಕಿತು. ಮುಳ್ಳುಸೌತೆಗೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು, ಮುಷ್ಟಿಯಲ್ಲಿ ಒಣಗುವಷ್ಟು ಹಿಂಡಿದೆ. ಬೆಳ್ಳುಳ್ಳಿ ಅರ್ಧ ಎಸಳು ಸಾಕು. ಗ್ರೀಕರು ಹಾಕುವ ಸಬ್ಬಸಿಗೆ ನಮ್ಮ ಮನೆಯಲ್ಲಿ ರೂಢಿ ಇಲ್ಲ, ಹಾಗಾಗಿ ಶುರುವಿನಲ್ಲಿ ಪುದೀನ ಹಾಕಿದೆ. ಚಮಚ ಅಡ್ಡ ಹಿಡಿದರೂ ಬೀಳದಷ್ಟು ಗಟ್ಟಿಯಾಯಿತು. ಹೊರಗೆ ತಿಂದದ್ದಕ್ಕಿಂತ ನನ್ನದೇ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತೇನೆ.

ಅವರ ಉಬ್ಬುರೊಟ್ಟಿ ಪೀಟಾ ನಾಲ್ಕೈದು ಸಲ ಹಪ್ಪಳವಾಯಿತು. ಕಾವಲಿ ಸರಿಯಾಗಿ ಹೊಗೆಯಾಡುವಷ್ಟು ಕಾಯದೆ ಅದು ಉಬ್ಬುವುದಿಲ್ಲ. ನಡುವೆ ಒಂದು ಸಂಜೆ ಉಳಿದ ಬನ್ಸ್ ಹಿಟ್ಟನ್ನೇ ತೆಳುವಾಗಿ ಲಟ್ಟಿಸಿ ಕಾವಲಿಗೆ ಹಾಕಿ ನೋಡಿದೆ. ಉಬ್ಬಲಿಲ್ಲ, ಬಾಳೆಹಣ್ಣಿನ ಸಿಹಿಗೆ ಬೇಗ ಕಪ್ಪಾಯಿತು. ಆದರೂ ಮಕ್ಕಳು ಆರು ತಿಂದರು. ಈಗ ಶನಿವಾರ ಅದನ್ನೇ ಕೇಳುತ್ತಾರೆ.

ಗ್ರೀಕರ ಉಪ್ಪು ಚೀಸು ಫೆಟಾದಲ್ಲಿ ದುಡ್ಡು ಹೋಯಿತು. 200 ಗ್ರಾಂಗೆ 400ರ ಮೇಲೆ ಕೊಟ್ಟೆ. ಉಪ್ಪಿಗೆ ಇಬ್ಬರೂ ಉಗಿದರು, ಅರ್ಧ ಹಾಳಾಯಿತು. ಎರಡನೇ ಪ್ಯಾಕೆಟ್ಟನ್ನು ಒಂದು ಗಂಟೆ ನೀರಿನಲ್ಲಿ ಹಾಕಿಟ್ಟು ಕೊಟ್ಟೆ. ಮಗಳು ಒಪ್ಪಿದಳು, ಮಗ ಇವತ್ತಿಗೂ ಇಲ್ಲ. ಮಗಳಿಗೆ ಭರಣಿಯ ಉಪ್ಪುನೀರಿನ ಮಾವಿನಕಾಯಿ ಅಂದರೆ ಪ್ರಾಣ, ಹಾಗಾಗಿ ಆಲಿವ್ ಅವಳಿಗೆ ಕಷ್ಟವೇ ಆಗಲಿಲ್ಲ.

ಆಷಾಢದಲ್ಲಿ ಪತ್ರೊಡೆ ಮಾಡುವಾಗ ದೋಲ್ಮಾದೆಸ್ ನೆನಪಾಯಿತು. ಅವರು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತುತ್ತಾರೆ. ನಾನು ಕೆಸುವಿನ ಎಲೆಯಲ್ಲಿ ಅಕ್ಕಿಯನ್ನು ರುಬ್ಬದೆ ಸುತ್ತಿ ಬೇಯಿಸಿದೆ. ಹುಣಸೆಹುಳಿ ಕಡಿಮೆ ಬಿತ್ತು. ಮನೆಮಂದಿಗೆಲ್ಲ ಗಂಟಲು ತುರಿಕೆ, ಇವರು ಎರಡು ದಿನ ಮಾತು ಮಾತಿಗೂ ಅದನ್ನೇ ಎತ್ತಿದರು. ಆದರೆ "ಎಲೆಯೊಳಗೆ ಅಕ್ಕಿ" ಅನ್ನುವುದು ಮಕ್ಕಳ ತಲೆಯಲ್ಲಿ ಕೂತಿತು. ನನಗೆ ಬೇಕಾದದ್ದೂ ಅದೇ.

ಮುಸಾಕಾಕ್ಕೆ ಉಡುಪಿ ಕಡೆಯ ಬದನೆ ಮಟ್ಟುಗುಳ್ಳದ ಕಾಲ ಬರುವವರೆಗೆ ಕಾದೆ. ಫೆಟಾ ಹೆಸರು ಯುರೋಪಿನಲ್ಲಿ 2002ರಿಂದ ಗ್ರೀಸಿಗೇ ಮೀಸಲು. ಹಾಗೆಯೇ ನಮ್ಮ ಗುಳ್ಳಕ್ಕೂ 2011ರಲ್ಲಿ ಜಿಐ, ಅಂದರೆ ಊರಿಗೆ ಸೇರಿದ ಬೆಳೆ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ತೆಳು ಸಿಪ್ಪೆ, ಕಹಿ ಇಲ್ಲ, ಬಿಲ್ಲೆ ಮಾಡಿ ಹುರಿದರೆ ಬೆಣ್ಣೆ. ಕೋಳಿ ಖೀಮಾ ಮತ್ತು ಬಿಳಿ ಸಾಸಿನ ನಡುವೆ ಇಟ್ಟು ಬೇಕ್ ಮಾಡಿದೆ. ಬದನೆ ಅಂದರೆ ಬಾಯಿ ಮುಚ್ಚುವ ಮಗ ಅದನ್ನು ಹೇಗೆ ತಿಂದ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಆರು ತಿಂಗಳಲ್ಲಿ ಆಲಿವ್ ಎಣ್ಣೆ, ಚೀಸು, ಯೀಸ್ಟು ಎಲ್ಲ ಸೇರಿ 5,000 ಖರ್ಚಾಗಿರಬಹುದು.

ಡಿಸೆಂಬರಿನಲ್ಲಿ ಹೋಗುವ ಹಿಂದಿನ ದಿನವೇ ರೆಸ್ಟೋರೆಂಟಿಗೆ ಫೋನ್ ಮಾಡಿದೆ. ಸಾಸು, ಸಲಾಡು, ಕೋಳಿ ಎಲ್ಲ ಬೇರೆ ಬೇರೆ ಬಟ್ಟಲಲ್ಲಿ ಬೇಕು ಅಂದೆ. ಒಪ್ಪಿದರು. ಏಳು ಗಂಟೆಗೇ ಹೋದೆವು, ಎಂಟಾದರೆ ಮಗನಿಗೆ ನಿದ್ದೆ. ತಿನ್ನು ಅಂತ ಯಾರೂ ಹೇಳಬಾರದು ಎಂದು ಅಕ್ಕನಿಗೂ ಭಾವನಿಗೂ ಮೊದಲೇ ಹೇಳಿದ್ದೆ. ದೋಲ್ಮಾದೆಸ್ ಬಂದಾಗ ಮಗಳೇ ಕೈ ಹಾಕಿದಳು. "ಪತ್ರೊಡೆ ಸಣ್ಣದು" ಅಂದಳು. ಕಡ್ಡಿಗೆ ಚುಚ್ಚಿ ಸುಟ್ಟ ಸುವ್ಲಾಕಿಯನ್ನು ಮಗ ಕಡ್ಡಿಯಿಂದ ತೆಗೆದು, ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಒಂದೊಂದೇ ತಿಂದ. ಕೊನೆಗೆ ಲುಕುಮಾದೆಸ್ ಬಂತು, ಜೇನು ಸುರಿದ ಗೋಳಿಬಜೆಯ ಹಾಗೆ. ಅದಕ್ಕೆ ಯಾರ ತಯಾರಿಯೂ ಬೇಕಿರಲಿಲ್ಲ. ಆರು ಜನಕ್ಕೆ ಬಿಲ್ಲು 4,500 ಚಿಲ್ಲರೆ, ತಟ್ಟೆಯಲ್ಲಿ ಏನೂ ಉಳಿಯಲಿಲ್ಲ.

ಊಟದ ಮಧ್ಯೆ ಭಾವ ಪೀಟಾ ಹಿಡಿದು ಮಗನ ಮುಂದಿದ್ದ ತ್ಸಾತ್ಸಿಕಿ ಬಟ್ಟಲಿಗೆ ಕೈ ಚಾಚಿದರು. ಮಗ ಬಟ್ಟಲನ್ನು ಎರಡೂ ಕೈಯಲ್ಲಿ ಹತ್ತಿರ ಎಳೆದುಕೊಂಡು, "ದೊಡ್ಡಪ್ಪ, ಇದು ನನ್ನದು" ಅಂದ. ಭಾವನಿಗೆ ಬೇರೆ ತರಿಸಿದೆವು.