ಇಂಗ್ಲಿಷ್ ವಾಕ್ಯಕ್ಕೆ ‘ಈಸ್’ ಹಾಕಬೇಕೋ ‘ಆರ್’ ಹಾಕಬೇಕೋ: ನನ್ನ ಅನುಭವ

ಕಲಬುರಗಿಯ ನೆಹರೂ ಗಂಜ್‌ನ ಬೇಳೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೊರರಾಜ್ಯದ ವ್ಯಾಪಾರಿಗಳಿಗೆ ಇಂಗ್ಲಿಷ್ ಪತ್ರ ಬರೆಯುವುದೂ ನನ್ನ ಪಾಲಿಗೇ. ‘ದ ಕ್ವಾಲಿಟಿ ಆಫ್ ದೀಸ್ ಬ್ಯಾಗ್ಸ್ ಆರ್ ಗುಡ್’ ಎಂದು ಬರೆದು ವರ್ಷಗಟ್ಟಲೆ ತಿದ್ದಿಸಿಕೊಂಡೆ. ‘ಹಿ ಗೋಸ್’ನಂಥ ಚಿಕ್ಕ ವಾಕ್ಯ ಎಂದಿಗೂ ಕೈಕೊಡಲಿಲ್ಲ, ಉದ್ದ ವಾಕ್ಯದಲ್ಲಿ ಮಾತ್ರ ಎಡವುತ್ತಿದ್ದೆ.

ನಿಯಮಗಳನ್ನು ಬಾಯಿಪಾಠ ಮಾಡಿದೆ, ಉಳಿಯಲಿಲ್ಲ. ಮೊಬೈಲ್ ಆ್ಯಪ್ ತಿದ್ದುತ್ತಿತ್ತು, ಕಾರಣ ಹೇಳುತ್ತಿರಲಿಲ್ಲ. ‘ಕಿವಿಗೆ ಸರಿ ಕೇಳಿಸಿದ್ದನ್ನು ಬರೆ’ ಎಂಬ ಸಲಹೆಯಂತೂ ಶುದ್ಧ ಮೋಸ: ‘ಬ್ಯಾಗ್ಸ್’ ಪಕ್ಕದಲ್ಲಿ ‘ಆರ್’ ಕಿವಿಗೆ ಹಿತವಾಗಿಯೇ ಇರುತ್ತದೆ.

ಫಲಿಸಿದ್ದು ಪೆನ್ಸಿಲ್. ಮೊದಲು ಕ್ರಿಯಾಪದಕ್ಕೆ ಸುತ್ತು ಹಾಕುತ್ತೇನೆ. ನಂತರ ಅದರ ಹಿಂದೆ ‘ಆಫ್’, ‘ಇನ್’, ‘ವಿತ್’, ‘ಆ್ಯಸ್ ವೆಲ್ ಆ್ಯಸ್’ನಿಂದ ಶುರುವಾಗುವ ತುಣುಕನ್ನು ಹೊಡೆದುಹಾಕುತ್ತೇನೆ. ‘ಆಫ್ ದೀಸ್ ಬ್ಯಾಗ್ಸ್’ ಹೋದರೆ ಉಳಿಯುವುದು ‘ಕ್ವಾಲಿಟಿ’. ಅದರ ಜಾಗದಲ್ಲಿ ‘ಇಟ್’ ಅಥವಾ ‘ದೇ’ ಇಟ್ಟು ಓದುತ್ತೇನೆ: ‘ಇಟ್ ಈಸ್ ಗುಡ್’. ಕ್ರಮ ಬದಲಿಸಬೇಡಿ, ಹೊಡೆದುಹಾಕದೆ ಕರ್ತೃಪದ ಹುಡುಕಿದರೆ ಹತ್ತಿರದ ನಾಮಪದವೇ ಕೈಗೆ ಸಿಗುತ್ತದೆ.

ಕನ್ನಡದಲ್ಲಿ ‘ಹತ್ತು ಚೀಲ ಇದೆ’ ಎಂದರೂ ನಡೆಯುತ್ತದೆ, ನಮ್ಮ ತಪ್ಪಿನ ಅರ್ಧ ಬೇರು ಅಲ್ಲಿದೆ. ಇಂಗ್ಲಿಷಿನಲ್ಲಿ ನಾಮಪದದ ‘ಎಸ್’ ಸಾಮಾನ್ಯವಾಗಿ ಬಹುವಚನ, ವರ್ತಮಾನದ ಕ್ರಿಯಾಪದದ ‘ಎಸ್’ ಏಕವಚನ.

ಪೆನ್ಸಿಲ್ ತಡೆಯಬೇಕಾದ ಜಾಗಗಳೂ ಇವೆ. ‘ಸಮ್ ಆಫ್’, ‘ಮೋಸ್ಟ್ ಆಫ್’ ಬಂದರೆ ‘ಆಫ್’ ನಂತರದ ನಾಮಪದವನ್ನೇ ನೋಡಬೇಕು. ‘ಎ ನಂಬರ್ ಆಫ್’ ಬಹುವಚನ, ‘ದ ನಂಬರ್ ಆಫ್’ ಏಕವಚನ. ‘ನೈದರ್–ನಾರ್’ನಲ್ಲಿ ಹತ್ತಿರದ ನಾಮಪದವೇ ಗೆಲ್ಲುತ್ತದೆ.