ಘಾಟಿ ಇಳಿದ ಮೇಲೆ ಬರುವ ಟಿಣ್ ಟಿಣ್

ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಬಾಡಿಗೆ ಹೊಡೆಯುವುದು ನನ್ನ ಕೆಲಸ. ಹನ್ನೊಂದು ವರ್ಷವಾಯ್ತು. ನನ್ನ ಗಾಡಿ ಹತ್ತುವವರಲ್ಲಿ ಆಸ್ಪತ್ರೆಗೆ ಹೋಗುವವರೇ ಜಾಸ್ತಿ. ಬೆಳಗಿನ ಜಾವ ಹೊರಟು ಮೇಗರವಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ ದಾಟಿ ಹೋಗುತ್ತೇವೆ. ಬಾಡಿಗೆ ಬರುವುದೆಲ್ಲ ಫೋನಿನಲ್ಲೇ. ಒಂದು ಕರೆ ತೆಗೆಯದಿದ್ದರೆ ಆ ಬಾಡಿಗೆ ಇನ್ನೊಬ್ಬರಿಗೆ ಹೋಯ್ತು ಅಂತಲೇ ಲೆಕ್ಕ. ಹಾಗಾಗಿ ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದು ಅನ್ನುವುದು ನನ್ನಂಥವರಿಗೆ ಹೇಳಿದಷ್ಟು ಸುಲಭವಲ್ಲ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ನಾನು ಯಾವತ್ತೂ ಫೋನ್ ನೋಡಿದವನಲ್ಲ. ನೋಡೋಣವೆಂದರೆ ನೆಟ್‌ವರ್ಕೂ ಸರಿಯಾಗಿ ಸಿಗುವುದಿಲ್ಲ. ಅಪಾಯ ಇರುವುದು ಘಾಟಿ ಇಳಿದ ಮೇಲೆ. ತಿರುವು ಮುಗಿದ ಸಮಾಧಾನದಲ್ಲಿ ಕಾಲು ಆಕ್ಸಿಲರೇಟರ್ ಮೇಲೆ ಹೋಗುತ್ತದೆ. ಅದೇ ಹೊತ್ತಿಗೆ ಸಿಗ್ನಲ್ ಬಂದು, ಅಷ್ಟೊತ್ತು ತಡೆದಿದ್ದ ಮೆಸೇಜು, ಮಿಸ್ಡ್ ಕಾಲ್ ಎಲ್ಲ ಟಿಣ್ ಟಿಣ್ ಅಂತ ಒಟ್ಟಿಗೆ ಬೀಳುತ್ತವೆ.

ಆರು ವರ್ಷದ ಹಿಂದೆ ಹೆಬ್ರಿಗಿಂತ ಸ್ವಲ್ಪ ಮುಂಚೆ ಹೀಗೇ ಆಯ್ತು. ಗೇರಿನ ಪಕ್ಕದಲ್ಲಿದ್ದ ಫೋನ್ ಎತ್ತಿ ಯಾರು ಅಂತ ನೋಡಿದೆ. ತಲೆ ಎತ್ತಿದರೆ ಎದುರಿಗೆ ಹಾಲಿನ ಟೆಂಪೋ ನಿಂತಿದೆ. ಬ್ರೇಕ್ ತುಳಿದೆ. ಒಂದು ಮಾರು ಉಳಿದಿತ್ತು ಅಷ್ಟೇ. ಹಿಂದೆ ಕುಳಿತಿದ್ದ ಅಜ್ಜಿಯ ಹಣೆ ಮುಂದಿನ ಸೀಟಿಗೆ ಬಡಿಯಿತು. ಕಣ್ಣಿನ ಆಪರೇಷನ್ ಆಗಿ ಚೆಕಪ್‌ಗೆ ಹೊರಟಿದ್ದವರು. ‘ಎಂತಾಯ್ತು ತಮ್ಮಾ, ದನ ಅಡ್ಡ ಬಂತಾ?’ ಅಂದರು. ಹೌದು ಅಂದುಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಾನು ಮೂರು ಸೆಕೆಂಡ್ ಫೋನ್ ನೋಡಿದ್ದರೂ 50 ಮೀಟರ್. ನಾಲ್ಕು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ನಾನು ಕಣ್ಣು ಮುಚ್ಚಿಕೊಂಡೇ ಓಡಿಸಿದ್ದೆ.

ಮರುವಾರ ಕಿವಿಗೆ ಬ್ಲೂಟೂತ್ ಹಾಕಿಕೊಂಡೆ. ಕೈ ಖಾಲಿ ಇದೆ, ಇನ್ನೇನು ತೊಂದರೆ ಅಂದುಕೊಂಡೆ. ಒಂದು ದಿನ ಮದುವೆ ಬಾಡಿಗೆಯ ರೇಟು ಮಾತಾಡುತ್ತಾ ಆಸ್ಪತ್ರೆಯ ಗೇಟನ್ನೇ ದಾಟಿ ಮುಂದೆ ಹೋಗಿದ್ದೆ. ಗೇಟು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡುವುದು ಬೇರೆ. ಎದುರಿಗೆ ಲಾರಿ ಬಂದರೆ ಅವರೂ ನೋಡಿ ಸುಮ್ಮನಾಗುತ್ತಾರೆ. ಫೋನಿನ ಆ ಕಡೆ ಇರುವವರಿಗೆ ಲಾರಿ ಕಾಣುವುದಿಲ್ಲ, ಅಲ್ವಾ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2015ರಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಕೈ ಮುಟ್ಟದೆ ಬಾಯಲ್ಲೇ ಹೇಳಿ ಕರೆ ಮಾಡುವಂಥ ಕೆಲಸ ಮುಗಿಸಿದ ಮೇಲೂ ಚಾಲಕನ ಗಮನ ಪೂರ್ತಿ ರಸ್ತೆಗೆ ಮರಳಲು 27 ಸೆಕೆಂಡ್‌ವರೆಗೂ ಬೇಕಾಗಬಹುದು ಎಂದು ಗೊತ್ತಾಯಿತು. ನಾನು ಬ್ಲೂಟೂತ್ ತೆಗೆದಿಟ್ಟೆ.

ಆಮೇಲೆ ನನಗೆ ಹೊಳೆದದ್ದು ಇಷ್ಟು. ಕರೆ ಮಾಡುವವರಿಗೆ ನಾನು ಸ್ಟೇರಿಂಗ್ ಹಿಡಿದಿದ್ದೇನೆ ಅಂತ ಗೊತ್ತೇ ಇಲ್ಲ. ಅದನ್ನು ಗೊತ್ತು ಮಾಡಿಸುವುದೇ ದೊಡ್ಡ ಕೆಲಸ. ಕಾರ್ಡಿನಲ್ಲಿ ನಂಬರಿನ ಕೆಳಗೆ ‘ತೆಗೆಯದಿದ್ದರೆ ಗಾಡಿ ಓಡಿಸುತ್ತಿದ್ದೇನೆ, ನಾನೇ ಮಾಡುತ್ತೇನೆ’ ಅಂತ ಅಚ್ಚು ಹಾಕಿಸಿದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ತಾನಾಗಿಯೇ ಉತ್ತರ ಹೋಗುವ ಹಾಗೆ ಇಟ್ಟೆ: ‘ಆಗುಂಬೆ ಇಲ್ಲವೇ ಹೆಬ್ರಿಯಲ್ಲಿ ನಿಲ್ಲಿಸಿದಾಗ ಫೋನ್ ಮಾಡುತ್ತೇನೆ.’ ಆ ಎರಡು ಕಡೆ ಟೀಗೆ ನಿಲ್ಲಿಸಿದಾಗ ಎಲ್ಲರಿಗೂ ತಪ್ಪದೆ ಮಾಡುತ್ತೇನೆ. ಮೊದಲ ತಿಂಗಳು ಮೂರು ಬಾಡಿಗೆ ಕೈ ತಪ್ಪಿತು. ನಿಜಕ್ಕೂ ಬೇಜಾರಾಯ್ತು. ಆಮೇಲೆ ಜನ ಕಾಯಲು ಕಲಿತರು.

ಹೊರಡುವ ಮುಂಚೆ ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕುತ್ತೇನೆ. ನನ್ನ ಫೋನಿನಲ್ಲಿ ಅದಕ್ಕೆ ಒಂದು ಒಳ್ಳೆಯ ಸೌಲಭ್ಯವಿದೆ. ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದರೆ ರಿಂಗ್ ಆಗುತ್ತದೆ. ತೀರಾ ತುರ್ತಿದ್ದರೆ ಮಾತ್ರ ಎರಡು ಸಲ ಮಾಡು ಅಂತ ಮನೆಯವಳಿಗೆ ಹೇಳಿದ್ದೇನೆ. ಹಾಗೆ ರಿಂಗ್ ಆದರೂ ಓಡುವ ಗಾಡಿಯಲ್ಲಿ ತೆಗೆಯುವುದಿಲ್ಲ. ಇಂಡಿಕೇಟರ್ ಹಾಕಿ, ತಿರುವಿಲ್ಲದ ಜಾಗ ನೋಡಿ, ರಸ್ತೆ ಬಿಟ್ಟು ಎಡಕ್ಕೆ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಪಕ್ಕದ ಮಣ್ಣು ಗಟ್ಟಿ ಇದೆಯಾ ನೋಡಲೇಬೇಕು. ಇಲ್ಲದಿದ್ದರೆ ಚಕ್ರ ಹೂತುಹೋಗುತ್ತದೆ.

ಮಂಗಳೂರಿನ ಒನ್‌ವೇಗಳಲ್ಲಿ ಮ್ಯಾಪ್ ಬೇಕೇ ಬೇಕು. ದಾರಿ ನೋಡಲು ಮಾತ್ರ, ಅದೂ ಗಮನ ಕೆಡದ ಹಾಗೆ, ಫೋನ್ ಬಳಸಬಹುದು ಅಂತ 2020ರ ಅಕ್ಟೋಬರ್‌ನಿಂದ ನಿಯಮವೇ ಇದೆ. ವಿಳಾಸ ಹಾಕುವುದು ಗಾಡಿ ಸ್ಟಾರ್ಟ್ ಮಾಡುವ ಮುಂಚೆ. ಘಾಟಿಯ ಭಾಗವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟಿದ್ದೇನೆ. ದಾರಿ ಹೇಳುವ ದನಿ ಕನ್ನಡದಲ್ಲಿದೆ. ಫೋನ್ ಹೋಲ್ಡರ್ ಗಾಜಿಗೆ ಅಡ್ಡವಾಗದ ಹಾಗೆ ಎಸಿ ಕಿಂಡಿಯ ಹತ್ತಿರ ಇದೆ.

ಆ ಅಜ್ಜಿ ಆರು ತಿಂಗಳ ನಂತರ ಮತ್ತೆ ಚೆಕಪ್‌ಗೆ ಬಂದರು. ಆಗುಂಬೆಯಲ್ಲಿ ಟೀ ಕುಡಿಯುವಾಗ ನಿಜ ಹೇಳಿದೆ. ದನ ಬಂದಿರಲಿಲ್ಲ ಅಜ್ಜಿ, ನಾನು ಫೋನ್ ನೋಡ್ತಿದ್ದೆ ಅಂತ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೈ ಚಾಚಿ, ‘ಕೊಡು ಇಲ್ಲಿ’ ಅಂದರು. ಈಗಲೂ ನನ್ನ ಗಾಡಿಯಲ್ಲಿ ಬಂದಾಗ ಮುಂದೆ ಕೂರುತ್ತಾರೆ. ಬೆಲ್ಟ್ ಹಾಕಿಕೊಂಡ ಕೂಡಲೇ ನನ್ನ ಫೋನ್ ಅವರ ಎಲೆಯಡಿಕೆ ಚೀಲ ಸೇರುತ್ತದೆ. ಎರಡನೇ ಸಲ ರಿಂಗ್ ಆದರೆ ಅವರೇ ಹೇಳುತ್ತಾರೆ: ‘ಗಾಡಿ ಓಡಿಸ್ತಾ ಇದ್ದಾನೆ ಅವ. ಎಂತ ವಿಷಯ ಹೇಳಿ, ನಿಲ್ಸೋಕೆ ಹೇಳ್ತೆ.’